ಅಲಾಸ್ಕದ ನಕ್ಷೆಯಲ್ಲಿ ಹೊಳೆ ಗುಡ್ಡ ಹತ್ತುವುದೇಕೆ?

ಪ್ರಶ್ನೆ: ಅಲಾಸ್ಕದ ಕೆಲವು ಸ್ಥಳಾಕೃತಿ ನಕ್ಷೆಗಳಲ್ಲಿ ಹೊಳೆಯ ನೀಲಿ ಗೆರೆ ಕಣಿವೆಯನ್ನು ಬಿಟ್ಟು ಗುಡ್ಡದ ಇಳಿಜಾರಿನ ಮೇಲೆ ಹಾದುಹೋಗಿರುವುದನ್ನು ಕಂಡೆ. ಉಪಗ್ರಹಗಳ ಈ ಕಾಲದಲ್ಲೂ ಇಂಥ ತಪ್ಪು ಉಳಿದಿರುವುದೇಕೆ?
– ಭೂಗೋಳ ಅಧ್ಯಾಪಕಿ, ಶಿರಸಿ

ಉತ್ತರ: ಬೇರೆ ಬೇರೆ ಕಾಲದಲ್ಲಿ ನಡೆದ ಎರಡು ಅಳತೆಗಳು ಒಂದೇ ಹಾಳೆಯಲ್ಲಿ ಕೂಡಿದಾಗ ಹೀಗಾಗುತ್ತದೆ, ನಿಮ್ಮ ನಕ್ಷೆಯಲ್ಲಿ ಗುಡ್ಡ ಹೊಸದು, ಹೊಳೆ ಹಳೆಯದು.

1902ರಲ್ಲಿ ಅಮೆರಿಕದ ಭೂವಿಜ್ಞಾನಿ ಆಲ್ಫ್ರೆಡ್ ಬ್ರೂಕ್ಸ್ ಅವರ ತಂಡ ಡೆನಾಲಿ ಪರ್ವತದ ಬುಡದಲ್ಲಿ ಸಾಗಿದ್ದು ಕುದುರೆಗಳೊಂದಿಗೆ. ಆ ಕಾಲದ ಭೂಮಾಪಕರು ಮುಕ್ಕಾಲಿಯ ಮೇಲೆ ಹಲಗೆಯನ್ನು ಸಮಮಟ್ಟಕ್ಕೆ ನಿಲ್ಲಿಸಿ, ದೂರದ ಶಿಖರಕ್ಕೆ ಗುರಿಹಿಡಿದು, ಹಲಗೆಗೆ ಅಂಟಿಸಿದ ಕಾಗದದ ಮೇಲೆಯೇ ಗೆರೆ ಎಳೆಯುತ್ತಿದ್ದರು. ಬೇರೆ ಬೇರೆ ನೆಲೆಗಳಿಂದ ಎಳೆದ ಗೆರೆಗಳು ಕೂಡುವಲ್ಲಿ ಶಿಖರದ ಸ್ಥಾನ ಸಿಗುತ್ತಿತ್ತು. ಕಣ್ಣಿಗೆ ಬೀಳದ ಕಣಿವೆಗಳು ಮಾತ್ರ ಅಂದಾಜಿಗೇ ಉಳಿದವು. ಎರಡನೆಯ ಮಹಾಯುದ್ಧದ ವೇಳೆಗೆ ವಿಮಾನಗಳು ಬಂದವು. ಒಂದು ಕ್ಯಾಮೆರಾ ನೇರ ಕೆಳಕ್ಕೂ ಇನ್ನೆರಡು ಎಡಬಲಗಳಿಗೂ ನೋಡುತ್ತ, ಒಂದೊಂದು ಹಾರಾಟದಲ್ಲಿ ದಿಗಂತದಿಂದ ದಿಗಂತದವರೆಗಿನ ನೆಲವನ್ನು ಸೆರೆಹಿಡಿದವು. ಬಳಿಕ, ಬಹುಮಟ್ಟಿಗೆ 1950ರ ದಶಕದ ಚಿತ್ರಗಳನ್ನು ಆಧರಿಸಿ, 1:63,360 ಪ್ರಮಾಣದ ಹಾಳೆಗಳು ಸಿದ್ಧವಾದವು. ಸರ್ವೆ ಆಫ್ ಇಂಡಿಯಾದ ಹಳೆಯ ‘ಇಂಚಿಗೊಂದು ಮೈಲಿ’ ಹಾಳೆಗಳದೂ ಇದೇ ಪ್ರಮಾಣ. ನೀವು ಕಂಡ ನೀಲಿ ಗೆರೆ ಬಂದಿರುವುದು ಬಹುಶಃ ಆ ಹಾಳೆಗಳಿಂದ.

ಉಪಗ್ರಹದ ಸಾಮಾನ್ಯ ಕ್ಯಾಮೆರಾಕ್ಕೆ ಅಲ್ಲಿ ಅಡ್ಡಿಗಳು ಬಹಳ. ಚಳಿಗಾಲದಲ್ಲಿ ಹಿಮ ಮತ್ತು ಕತ್ತಲೆ. ಕಿರಿದಾದ ಬೇಸಿಗೆಯಲ್ಲಿ ಮೋಡ, ಕಾಳ್ಗಿಚ್ಚಿನ ಹೊಗೆ. ಆದ್ದರಿಂದಲೇ 2010ರಿಂದ ವಿಮಾನದಲ್ಲಿ ರಾಡಾರ್ ಒಯ್ದು ಎತ್ತರವನ್ನು ಹೊಸದಾಗಿ ಅಳೆಯಲಾಯಿತು. ನೆಲದಿಂದ ಮರಳಿದ ಅಲೆಯನ್ನು ಗೊತ್ತಾದ ಅಂತರದಲ್ಲಿರುವ ಎರಡು ಆಂಟೆನಾಗಳು ಗ್ರಹಿಸುತ್ತವೆ. ಅವೆರಡು ಗ್ರಹಿಸಿದ ಅಲೆಗಳ ನಡುವಿನ ಸೂಕ್ಷ್ಮ ವ್ಯತ್ಯಾಸದಿಂದ ಎತ್ತರವನ್ನು ಲೆಕ್ಕ ಹಾಕಬಹುದು. ಮೋಡ ಇದಕ್ಕೆ ತಡೆಯಲ್ಲ. ಬೆಟ್ಟಗಳ ನಡುವೆ ಹಾರುವ ಪುಟ್ಟ ವಿಮಾನಗಳೇ ಎಷ್ಟೋ ಹಳ್ಳಿಗಳಿಗೆ ಆಧಾರವಾಗಿರುವ ಆ ನಾಡಿನಲ್ಲಿ ಇದು ಜೀವರಕ್ಷಣೆಯ ಕೆಲಸವೆಂದೇ ನಾನು ತಿಳಿಯುತ್ತೇನೆ.

ಹೊಸ ಎತ್ತರದ ಮೇಲೆ ಹಳೆಯ ನೀಲಿ ಗೆರೆಯನ್ನಿಟ್ಟಾಗ ಅದು ಗುಡ್ಡ ಹತ್ತಿದಂತೆ ಕಾಣುತ್ತದೆ. ಈಗ ಎತ್ತರದ ಮಾಹಿತಿಯಿಂದಲೇ ನೀರು ಇಳಿಯುವ ದಾರಿಯನ್ನು ಲೆಕ್ಕಹಾಕಿ ಹೊಳೆಗಳನ್ನು ಮತ್ತೆ ಗುರುತಿಸುತ್ತಿದ್ದಾರೆ. ಕಡಿದಾದ ಕಣಿವೆಗಳಲ್ಲಿ ಇದು ಸುಲಭ. ಯೂಕಾನ್ ಫ್ಲಾಟ್ಸ್‌ನಂಥ ಜೌಗು ಬಯಲಿನಲ್ಲಿ ಇಳಿಜಾರೇ ಅತ್ಯಲ್ಪವಾದ್ದರಿಂದ ಪರಿಣತರು ಚಿತ್ರಗಳನ್ನು ನೋಡಿ ತಿದ್ದಲೇಬೇಕು. ಇನ್ನು ಹಿಮನದಿಯ ಹೂಳು ಹೊತ್ತು ಹಲವು ಕವಲುಗಳಾಗಿ ಹರಿಯುವ ಟನಾನಾದಂಥ ನದಿಗಳು ಪ್ರವಾಹದಲ್ಲಿ ಪಾತ್ರವನ್ನೇ ಬದಲಿಸುವುದರಿಂದ, ಅಲ್ಲಿನ ಗೆರೆ ಎಷ್ಟು ಎಚ್ಚರದಿಂದ ಎಳೆದದ್ದಾದರೂ ಚಿತ್ರ ತೆಗೆದ ದಿನದ್ದೇ ಆಗಿರುತ್ತದೆ. ತರಗತಿಯಲ್ಲಿ ಬಳಸುವ ಮುನ್ನ ಎತ್ತರ ಮತ್ತು ಜಲರೇಖೆಗಳ ವರ್ಷಗಳನ್ನು ನಕ್ಷೆಯ ಅಂಚಿನ ಮಾಹಿತಿಯಲ್ಲಿ ಬೇರೆಬೇರೆಯಾಗಿಯೇ ಹುಡುಕಿ ನೋಡಿ.