ತೋಟದ ಬೋರ್‌ವೆಲ್ ಪುಡಿಯಲ್ಲಿ ಹಳದಿ ಹೊಳಪು: ಚಿನ್ನವೇ? ಇನ್ನೆರಡು ಕಡೆ ಕೊರೆಸಿ ನೋಡಲೇ?

ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಬೋರ್‌ವೆಲ್ ಕೊರೆಸಿದಾಗ ಬಿಳಿ ಕಲ್ಲಿನ ಚೂರಿನ ಜೊತೆ ಹಳದಿ ಹೊಳಪು ಬಂತು, ಇನ್ನೆರಡು ಕಡೆ ಕೊರೆಸಿದರೆ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಕೊರೆಸಬೇಡಿ. ಎಲ್ಲಿ, ಯಾವ ದಿಕ್ಕಿಗೆ ಎಂದು ಗೊತ್ತಿಲ್ಲದೆ ಹತ್ತು ಕಡೆ ಕೊರೆಸಿದರೂ ಏನೂ ತಿಳಿಯದೆ ಹೋಗಬಹುದು.

ಮೊದಲು ಆ ಹೊಳಪು ಏನೆಂದು ನೋಡಿ. ಕೊಡಗಿನ ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲಿನಲ್ಲಿರುವ ಕಪ್ಪು ಅಭ್ರಕ ಮಳೆಗೆ ಕೊಳೆತಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿನ ಸಲ ಜನ ತಂದು ತೋರಿಸುವುದು ಅದನ್ನೇ. ಸೂಜಿಯ ತುದಿಯಿಂದ ಒತ್ತಿ. ಪದರ ಪದರವಾಗಿ ಬಿಟ್ಟರೆ ಕಾಗೆಬಂಗಾರ, ಅಂದರೆ ಅದೇ ಅಭ್ರಕ. ಸಿಡಿದು ಪುಡಿಯಾದರೆ ಪೈರೈಟ್, ಅಂದರೆ ಚಿನ್ನದಂತೆ ಹೊಳೆಯುವ ಕಬ್ಬಿಣ-ಗಂಧಕದ ಖನಿಜ. ಗುಳಿ ಬಿದ್ದು ಒಡೆಯದೆ ಉಳಿದರೆ ಮಾತ್ರ ಮುಂದಿನ ಮಾತು. ತಟ್ಟೆಯಲ್ಲಿ ನೀರು ಹಾಕಿ ಜಾಲಿಸಿದರೂ ಗೊತ್ತಾಗುತ್ತದೆ: ಚಿನ್ನದ ಸಾಂದ್ರತೆ 19.3, ಪೈರೈಟ್‌ನದು 5, ಅಭ್ರಕದ್ದು 3ರ ಆಸುಪಾಸು. ಅಭ್ರಕ ನೀರಿನ ಜೊತೆ ಹೊರಟುಹೋಗುತ್ತದೆ, ಚಿನ್ನ ಕಪ್ಪು ಮರಳಿಗಿಂತಲೂ ಹಿಂದೆ ತಳದಲ್ಲಿ ಕೂರುತ್ತದೆ.

ಆದರೆ ಟನ್ನಿಗೆ 2-3 ಗ್ರಾಂ ಇರುವ ಅದಿರಿನಲ್ಲಿ ಚಿನ್ನ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಹಾಗೆಂದು ಬೋರ್‌ವೆಲ್ ಪುಡಿಯನ್ನೇ ಲ್ಯಾಬಿಗೆ ಕಳಿಸಿದರೆ ದುಡ್ಡು ದಂಡ. ಆ ಪುಡಿ ಗುಂಡಿಯ ಗೋಡೆಗೆ ಉಜ್ಜಿಕೊಂಡು ಮೇಲೆ ಬರುವುದರಿಂದ 90 ಅಡಿಯದ್ದು 200 ಅಡಿಯದ್ದರ ಜೊತೆ ಬೆರೆತಿರುತ್ತದೆ. ಖನಿಜ ಶೋಧನೆಯವರು ಬಳಸುವ ರಿವರ್ಸ್ ಸರ್ಕ್ಯುಲೇಶನ್ ಅಥವಾ ಆರ್‌ಸಿ ಡ್ರಿಲ್‌ನಲ್ಲಿ ಪುಡಿ ಜೋಡಿ ಕೊಳವೆಯ ಒಳಗಿನಿಂದ ಬರುವುದು ಇದೇ ಕಾರಣಕ್ಕೆ.

ಕರ್ನಾಟಕದ ಚಿನ್ನ ಸಿಕ್ಕಿದ್ದು ಕೋಲಾರ, ಹಟ್ಟಿ, ಗದಗದ ಶಿಸ್ಟ್ (ಹಾಳೆಹಾಳೆಯಾಗಿ ಸೀಳುವ ಕಲ್ಲು) ಪಟ್ಟಿಗಳಲ್ಲಿ. ಕೊಡಗು ಬಹುಪಾಲು ನೈಸ್ ಮತ್ತು ಚಾರ್ನೊಕೈಟ್ ಎಂಬ ಕಪ್ಪು ಛಾಯೆಯ ಗಟ್ಟಿ ಕಲ್ಲು. ಪಕ್ಕದ ವಯನಾಡಿನಲ್ಲಿ ನೈಸ್ ಒಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ (ಬಿರುಕು ತುಂಬಿ ನಿಂತ ಪಟ್ಟಿಗಳಲ್ಲಿ) ಚಿನ್ನವಿದೆ ನಿಜ. 1880ರ ಆಸುಪಾಸು ಅದನ್ನು ನಂಬಿ ಲಂಡನ್ನಿನಲ್ಲಿ ಹುಟ್ಟಿದ ಕಂಪನಿಗಳು ಕೆಲವೇ ವರ್ಷಗಳಲ್ಲಿ ಮುಳುಗಿದ್ದೂ ನಿಜ. ಬರಿ ಬಿಳಿ ಬೆಣಚುಕಲ್ಲಿಗೆ ನಾನು ಬೆಲೆ ಕೊಡುವುದಿಲ್ಲ. ಅದರ ಅಂಚಿನ ಕಲ್ಲು ಅರೆದಂತಾಗಿ ಹಸಿರು ತಿರುಗಿದೆಯೇ, ಬೆಣಚಿನಲ್ಲಿ ಪೈರೈಟ್ ಕರಗಿ ಉಳಿದ ಚೌಕ ಗುಳಿಗಳಿವೆಯೇ, ತುಕ್ಕಿನ ಕಲೆ ಇದೆಯೇ ನೋಡಿ.

ಇದ್ದರೆ ಮೊದಲು ತೊರೆಯ ಮರಳು, ಆಮೇಲೆ ಮಣ್ಣು ಪರೀಕ್ಷಿಸಬೇಕು. ತೋಟದ ಮೇಲ್ಮಣ್ಣಿನಲ್ಲಿ ತರಗೆಲೆ, ಗೊಬ್ಬರ, ಕಪಾತಿನ (ಗಿಡ ಸವರಿದ) ಕಸ ಎಲ್ಲ ಸೇರಿರುತ್ತದೆ. ಅದನ್ನು ಸರಿಸಿ 30ರಿಂದ 60 ಸೆಂ.ಮೀ. ಕೆಳಗಿನ ಕೆಂಪು ಮಣ್ಣು ತೆಗೆಯಬೇಕು. ಇಳಿಜಾರಿನಲ್ಲಿ ಮಣ್ಣು ಜಾರಿರುತ್ತದೆ, ಹಾಗಾಗಿ ಮೂಲ ಎಳೆ ಮಾದರಿ ಸಿಕ್ಕ ಜಾಗಕ್ಕಿಂತ ಮೇಲೆ ಇರುತ್ತದೆ. ಮಾದರಿ ಮುಟ್ಟುವವರು ಉಂಗುರ, ಬಳೆ ಕಳಚಿಡಲಿ. ಇಲ್ಲಿ ಅಳೆಯುವುದು ಶತಕೋಟಿಯಲ್ಲಿ ಕೆಲವು ಭಾಗ. ಉಂಗುರದ ಸವಕಳಿಯೇ ನಿಮ್ಮ ತೋಟವನ್ನು ಗಣಿ ಮಾಡಿಬಿಡುತ್ತದೆ.

ನಂತರ ಎಳೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂದಕ. ಅದರಲ್ಲಿ 5 ಸೆಂ.ಮೀ. ಅಗಲ, 3 ಸೆಂ.ಮೀ. ಆಳದ ಗೀರು ಕೊರೆದರೆ ಪ್ರತಿ ಮೀಟರಿಗೆ ಸುಮಾರು 4 ಕಿಲೋ ಕಲ್ಲು ಬರುತ್ತದೆ. ಲ್ಯಾಬಿನವರು ಫೈರ್ ಅಸ್ಸೇಗೆ (ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುವ ಪರೀಕ್ಷೆಗೆ) ಹಾಕುವುದು ಅದರಲ್ಲಿ 30 ಅಥವಾ 50 ಗ್ರಾಂ ಮಾತ್ರ, ಚಿನ್ನದ ಒಂದು ದಪ್ಪ ಕಣ ಬಿದ್ದರೂ ಫಲಿತಾಂಶ ತಲೆಕೆಳಗು. ಲ್ಯಾಬಿನ ಅಂಕಿ ನಂಬಬಹುದೇ ಎಂದು ತಿಳಿಯಲೆಂದೇ 20 ಮಾದರಿಗೊಂದರಂತೆ ಚಿನ್ನವಿಲ್ಲದ ಕಲ್ಲು, ಪ್ರಮಾಣ ಗೊತ್ತಿರುವ ಮಾದರಿ, ನಕಲು ಮಾದರಿ ಸೇರಿಸಿ ಕಳಿಸುವುದು. ಅಂದಹಾಗೆ, ಆರ್‌ಟಿಸಿ ನಿಮ್ಮ ಹೆಸರಲ್ಲಿದ್ದರೂ ಚಿನ್ನಕ್ಕಾಗಿ ಕಂದಕ ತೋಡಲು, ಕೊರೆಯಲು 1957ರ ಗಣಿ ಕಾಯ್ದೆಯಡಿ ಪರವಾನಗಿ ಬೇಕೇ ಬೇಕು. ಇದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬಾಗಿಲು ತಟ್ಟುವ ಹಂತ.

ಕೊರೆಯುವುದು ಇಷ್ಟಾದ ಮೇಲೆ, ಅದೂ ಕಲ್ಲನ್ನು ಪುಡಿ ಮಾಡದೆ ಕೋಲಿನಂತೆ (ಕೋರ್) ಹೊರತೆಗೆಯುವ ಡೈಮಂಡ್ ಕೋರ್ ಡ್ರಿಲ್‌ನಲ್ಲಿ. ಕೊಳೆತ ಮೇಲ್ಪದರದಲ್ಲಿ 63.5 ಮಿ.ಮೀ. ಕೋರ್ ಬರುವ ಎಚ್‌ಕ್ಯೂ ಅಳತೆಯ ಡ್ರಿಲ್ ಹಾಕಿ, ಕೇಸಿಂಗ್ ಇಳಿಸಿ, ಗಟ್ಟಿ ಕಲ್ಲು ಸಿಕ್ಕ ಮೇಲೆ 47.6 ಮಿ.ಮೀ. ಎನ್‌ಕ್ಯೂಗೆ ಹೋಗುತ್ತಾರೆ. ಬೆಣಚು ಪುಡಿಯಾಗುವ ಕಡೆ ಕೋರ್ ನೀರಿನ ಜೊತೆ ತೊಳೆದುಹೋಗುತ್ತದೆ. ಒಂದು ಮೀಟರಿನಲ್ಲಿ 60 ಸೆಂ.ಮೀ. ಮಾತ್ರ ಸಿಕ್ಕಿದ್ದರೆ ಆ ಮೀಟರಿನ ಅಂಕಿಯನ್ನು ನಾನು ನಂಬುವುದಿಲ್ಲ. ನೆಟ್ಟಗೆ ನಿಂತ ಎಳೆಗೆ ಅಡ್ಡಲಾಗಿ, ನೆಲಮಟ್ಟದಿಂದ 60 ಡಿಗ್ರಿ ಇಳಿಜಾರಿನಲ್ಲಿ ಕೊರೆದು 4 ಮೀಟರ್ ಸಿಕ್ಕಿತೆಂದರೆ ಎಳೆಯ ನಿಜವಾದ ದಪ್ಪ 2 ಮೀಟರ್. ಏಜೆಂಟರು ಹೇಳುವುದು 4 ಅನ್ನೇ.

ಯಂತ್ರ ಕೂರಿಸಲು ಬರೆ (ಗುಡ್ಡದ ಇಳಿಜಾರು) ಕಡಿದು ಸಮತಟ್ಟು ಮಾಡಬೇಕು, ಪಕ್ಕದಲ್ಲಿ ಕೆಸರುಗುಂಡಿ ತೋಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳನ್ನು ನೋಡಿದ ಮೇಲೆ ಇಳಿಜಾರಿನ ತೋಟದಲ್ಲಿ ಇದನ್ನು ಮಳೆಗಾಲದಲ್ಲಿ ಯಾರು ಮಾಡುತ್ತೇನೆಂದರೂ ಒಪ್ಪಬೇಡಿ. ಕೆಲಸ ಮುಗಿದ ದಿನವೇ ಗುಂಡಿ ಮುಚ್ಚಿಸಿ, ಕಡಿದ ಜಾಗಕ್ಕೆ ಚರಂಡಿ ಬಿಡಿಸಿ.