ಕಾಲಜನ್ ಪುಡಿ ತಿಂದರೆ ರೆಟಿನಾ ಗಟ್ಟಿಯಾಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪುಡಿಯ ಬಗ್ಗೆ. ಅದು ಕಾಲಜನ್, ಅಂದರೆ ಚರ್ಮ, ಮೂಳೆಗಳನ್ನು ಹಿಡಿದಿಡುವ ನಾರಿನಂಥ ಪ್ರೋಟೀನ್. ಹೋದ ಸಲವೂ ಹಾಗೇ ಆಗಿತ್ತು. ಹಾಗಾಗಿ ಜಾಗದ ಬಹುಪಾಲನ್ನು ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನನಗೆ 61 ವರ್ಷ. ಎರಡೂ ಕಣ್ಣಿನಲ್ಲಿ ಡ್ರೂಸೆನ್ (ರೆಟಿನಾ ಹಿಂದೆ ಕಟ್ಟುವ ಕಸದ ಗುಪ್ಪೆ) ಇದೆ ಅಂತ ಡಾಕ್ಟರ್ ಹೇಳಿದ್ದಾರೆ. ರೆಟಿನಾ ಹಿಂದಿನ ಪೊರೆ ಕಾಲಜನ್‌ನಿಂದ ಆಗಿದೆ ಎಂದು ಓದಿದೆ. ಮಗಳು ತಿಂಗಳಾ ತಿಂಗಳಾ ಕಾಲಜನ್ ಪುಡಿ ತರಿಸಿ ಕೊಡುತ್ತಿದ್ದಾಳೆ. ಮುಂದುವರಿಸಲಾ?

ಉತ್ತರ: ಬೇಡ. ಮಗಳ ಕಾಳಜಿ ದೊಡ್ಡದು, ಆದರೆ ಆ ದುಡ್ಡು ಸುಮ್ನೆ ಹೋಗುತ್ತಿದೆ.

ನೀವು ಓದಿದ್ದು ನಿಜ. ರೆಟಿನಾ ಅಂದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ. ಅದರ ಹಿಂದೆ ಬ್ರೂಕ್ ಪೊರೆ ಅಂತ ಒಂದಿದೆ. ದಪ್ಪ 2ರಿಂದ 4 ಮೈಕ್ರಾನ್ ಅಷ್ಟೇ. ಅಷ್ಟರಲ್ಲೇ ಐದು ಪದರ. ನಡುವೆ ಎಲಾಸ್ಟಿನ್, ಅದರ ಎರಡೂ ಬದಿಗೆ ಕಾಲಜನ್, ಅಂಚಿನಲ್ಲಿ ಲ್ಯಾಮಿನಿನ್ ಇರುವ ತೆಳು ಪದರಗಳು. ಇವೆಲ್ಲ ಜೀವಕೋಶದ ಒಳಗಿನ ಪ್ರೋಟೀನ್‌ಗಳಲ್ಲ. ಕೋಶಗಳ ಹೊರಗೆ ಹೆಣೆದುಕೊಂಡ ಬಲೆ. ಪೊರೆಯ ಹಿಂದೆ ರಕ್ತನಾಳಗಳ ಹಾಸು ಇದೆ. ಅಲ್ಲಿಂದ ಆಹಾರ, ಆಮ್ಲಜನಕ ಈ ಬಲೆಯ ಮೂಲಕವೇ ರೆಟಿನಾಗೆ ಬರಬೇಕು. ರೆಟಿನಾದ ಕಸವೂ ಇದರ ಮೂಲಕವೇ ಆಚೆ ಹೋಗಬೇಕು.

ಈಗ ನಿಮ್ಮ ಮನೆಯ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಹಳೆಯದಾದ ಫಿಲ್ಟರ್‌ನ ತೂತುಗಳಲ್ಲಿ ಪುಡಿ ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ, ಅಲ್ವಾ? ಅದಕ್ಕೆ ಇನ್ನಷ್ಟು ಸ್ಟೀಲ್ ಅಂಟಿಸಿದರೆ ಸರಿಹೋಗುತ್ತಾ? ವಯಸ್ಸಾದಂತೆ ಬ್ರೂಕ್ ಪೊರೆಗೂ ಇದೇ ಗತಿ. ಅದು ದಪ್ಪವಾಗುತ್ತದೆ. ಕೊಬ್ಬು ಸೇರುತ್ತದೆ. ಕಾಲಜನ್ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಬಿಗಿಯಾಗುತ್ತವೆ. ಆಚೆ ಹೋಗಲಾರದ ಕಸ ಅಲ್ಲೇ ಗುಪ್ಪೆಯಾಗುತ್ತದೆ. ಆ ಗುಪ್ಪೆಗಳೇ ಡ್ರೂಸೆನ್. ಕಾಲಜನ್ ಕಮ್ಮಿಯಾಗಿ ಬಂದ ತೊಂದರೆ ಅಲ್ಲ ಇದು.

ಬಲೆ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಅಪರೂಪದ ಒಂದು ವಂಶವಾಹಿ ಕಾಯಿಲೆ ಇದೆ, ಸಾರ್ಸ್‌ಬಿ ಫಂಡಸ್ ಡಿಸ್ಟ್ರೋಫಿ. ಟಿಂಪ್-3 ಎಂಬ ಪ್ರೋಟೀನ್, ಬಲೆಯನ್ನು ಕತ್ತರಿಸುವ ಕಿಣ್ವಗಳಿಗೆ ಕಡಿವಾಣ ಹಾಕುತ್ತದೆ. ಅದರ ಜೀನ್‌ನಲ್ಲಿನ ದೋಷವೇ ಈ ಕಾಯಿಲೆಗೆ ಕಾರಣ ಅಂತ 1994ರಲ್ಲಿ ಗೊತ್ತಾಯಿತು. ಕೆಟ್ಟ ಟಿಂಪ್-3 ಪೊರೆಯಲ್ಲೇ ಶೇಖರವಾಗುತ್ತದೆ, ಪೊರೆ ದಪ್ಪವಾಗುತ್ತದೆ, ನಲವತ್ತರ ಆಸುಪಾಸಿಗೇ ನಡುದೃಷ್ಟಿ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಲೆವೆಂಟಿನಾ ಕಣಿವೆಯ ಹೆಸರು ಹೊತ್ತ ಇನ್ನೊಂದು ಕಾಯಿಲೆಯಲ್ಲಿ ಫಿಬ್ಯುಲಿನ್-3 ಎಂಬ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ ಹರೆಯದಲ್ಲೇ ಡ್ರೂಸೆನ್ ಹರಡುತ್ತವೆ. ಕಟ್ಟುವುದು, ಕೆಡವುವುದು ಎರಡೂ ಹದವಾಗಿ ನಡೆದರೆ ಮಾತ್ರ ಈ ಬಲೆ ಬಾಳುತ್ತದೆ.

ಇನ್ನು ನೀವು ತಿಂದ ಪುಡಿ. ಅದು ಹೊಟ್ಟೆ, ಕರುಳಿನಲ್ಲಿ ಚೂರುಚೂರಾಗಿ ಅಮೈನೋ ಆಮ್ಲವಾಗುತ್ತದೆ. ಬೇಳೆ, ಮೊಟ್ಟೆ ತಿಂದರೂ ಕೊನೆಗೆ ಆಗುವುದು ಅದೇ. ಆ ಚೂರುಗಳು ನೇರವಾಗಿ ಕಣ್ಣಿಗೇ ಹೋಗಿ ಪೊರೆಯಾಗಿ ಕೂರುತ್ತವೆ ಅನ್ನುವವರು ನಿಮಗೆ ಪುಡಿ ಮಾರುತ್ತಿದ್ದಾರೆ, ವೈದ್ಯ ಮಾಡುತ್ತಿಲ್ಲ.

ದೊಡ್ಡ ಅಧ್ಯಯನದಲ್ಲಿ ಪರೀಕ್ಷೆಯಾದ ಮಾತ್ರೆ ಬೇರೆ ಇದೆ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ನಡೆಸಿದ ಏರೆಡ್ಸ್-2 ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ಆ ಮಾತ್ರೆಯಲ್ಲಿರುವುದು ವಿಟಮಿನ್ ಸಿ, ವಿಟಮಿನ್ ಇ, ಸತು, ತಾಮ್ರ, 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಜಿಯಾಕ್ಸಾಂಥಿನ್. ಕಾಲಜನ್ ಇಲ್ಲ. ಅದೂ ಎಲ್ಲರಿಗಲ್ಲ. ಡ್ರೂಸೆನ್ ಜೊತೆ ಬರುವ, ವಯಸ್ಸಿನಿಂದಾಗುವ ರೆಟಿನಾ ಕಾಯಿಲೆ (ಎಎಂಡಿ) ಮಧ್ಯಮ ಹಂತದಲ್ಲಿದ್ದರೆ, ಇಲ್ಲವೇ ಒಂದು ಕಣ್ಣಿನಲ್ಲಿ ಮುಂದುವರಿದಿದ್ದರೆ ಮಾತ್ರ. ನಿಮ್ಮದು ಯಾವ ಹಂತ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಜೊತೆಗೆ ಇದೊಂದು ಮಾಡಿ. ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ, ಆಮೇಲೆ ಇನ್ನೊಂದು ಕಣ್ಣಿನಲ್ಲಿ. ವಾರಕ್ಕೊಮ್ಮೆಯಾದರೂ. ನೇರವಾದ ಸರಳು ಡೊಂಕಾಗಿ ಕಂಡರೆ ತಡಮಾಡಬೇಡಿ. ಪೊರೆ ಸೀಳಿ ಹೊಸ ರಕ್ತನಾಳ ನುಗ್ಗಿರಬಹುದು. ಬೇಗ ಬಂದರೆ ಇಂಜೆಕ್ಷನ್ ಕೆಲಸ ಮಾಡುತ್ತದೆ. ನನ್ನಲ್ಲಿಗೆ ಬಂದ ನಿವೃತ್ತ ಮೇಷ್ಟ್ರೊಬ್ಬರಿಗೆ ಗೋಡೆಯ ಕ್ಯಾಲೆಂಡರಿನ ಗೆರೆಗಳು ಸೊಟ್ಟಗೆ ಕಂಡಿದ್ದವು. ಪುಡಿ ಕೊಟ್ಟವನು ‘ಮೂರು ತಿಂಗಳು ಕಾಯಿರಿ, ಸರಿಹೋಗುತ್ತೆ’ ಅಂದಿದ್ದನಂತೆ. ಅವರು ಕಾದರು. ಸ್ಕ್ಯಾನ್ ಮಾಡಿದಾಗ ರೆಟಿನಾದ ನಟ್ಟನಡುವೆ ಕಲೆಗಟ್ಟಿತ್ತು. ಪುಡಿ ಡಬ್ಬಿ ಅವರ ಕೈಚೀಲದಲ್ಲೇ ಇತ್ತು. ಆ ಕಣ್ಣಿನಲ್ಲಿ ಅವರು ಮತ್ತೆ ಪೇಪರ್ ಓದಲಿಲ್ಲ.

ಪ್ರಶ್ನೆ: ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡರೆ ರೆಟಿನಾಗೆ ಒಳ್ಳೆಯದಾ?

ಉತ್ತರ: ಇಲ್ಲ. ಹೂವು ದೇವರಿಗಿರಲಿ, ಕಣ್ಣಿಗೆ ಏನನ್ನೂ ಹಿಂಡಬೇಡಿ.

ಪ್ರಶ್ನೆ: ಕಣ್ಣಿನ ವ್ಯಾಯಾಮದಿಂದ ಡ್ರೂಸೆನ್ ಕರಗುತ್ತಾ?

ಉತ್ತರ: ಕರಗುವುದಿಲ್ಲ.

ಪ್ರಶ್ನೆ: ಹತ್ತು ವರ್ಷದಿಂದ ಶುಗರ್ ಇದೆ. ಕಣ್ಣು ಚೆನ್ನಾಗಿ ಕಾಣುತ್ತಿದೆ. ಆದರೂ ಪರೀಕ್ಷೆ ಬೇಕಾ?

ಉತ್ತರ: ಬೇಕು, ವರ್ಷಕ್ಕೊಮ್ಮೆಯಾದರೂ, ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿ. ಶುಗರ್‌ನಿಂದ ರೆಟಿನಾದ ಸಣ್ಣ ರಕ್ತನಾಳಗಳ ಸುತ್ತಲಿನ ಕಾಲಜನ್ ಪದರ ದಪ್ಪವಾಗುತ್ತಾ ಹೋಗುತ್ತದೆ. ಅದು ಶುರುವಾದಾಗ ನಿಮಗೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಬಿಳಿ ಗೋಡೆ ನೋಡಿದರೆ ಸೊಳ್ಳೆ ಹಾರಾಡಿದ ಹಾಗೆ ಕಾಣುತ್ತದೆ. ವಯಸ್ಸು 55. ಔಷಧಿ ಇದೆಯಾ?

ಉತ್ತರ: ಕಣ್ಣಿನ ಒಳಗೆ ತಾಟಿನಿಂಗಿನ ತಿರುಳಿನಂಥ ಜೆಲ್ಲಿ ಇದೆ. ಬಹುಪಾಲು ನೀರೇ. ಅದನ್ನು ಹಿಡಿದಿಟ್ಟಿರುವುದು ತೆಳ್ಳನೆಯ ಕಾಲಜನ್ ಎಳೆಗಳು. ವಯಸ್ಸಾದಂತೆ ಜೆಲ್ಲಿ ನೀರಾಗುತ್ತದೆ, ಎಳೆಗಳು ಗಂಟುಕಟ್ಟುತ್ತವೆ. ಆ ಗಂಟುಗಳ ನೆರಳೇ ನಿಮ್ಮ ಸೊಳ್ಳೆ. ಹಳೆಯದಾಗಿದ್ದರೆ ಔಷಧಿ ಬೇಡ. ಆದರೆ ಜೆಲ್ಲಿ ರೆಟಿನಾದಿಂದ ಬಿಟ್ಟುಕೊಳ್ಳುವಾಗ, ಬಿಗಿಯಾಗಿ ಅಂಟಿದ ಕಡೆ ರೆಟಿನಾವನ್ನೇ ಹರಿಯಬಹುದು. ಸೊಳ್ಳೆಗಳು ಒಮ್ಮೆಲೇ ಜಾಸ್ತಿಯಾದರೆ, ಕತ್ತಲಲ್ಲಿ ಮಿಂಚು ಹೊಡೆದಂತಾದರೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅವತ್ತೇ ರೆಟಿನಾ ತಜ್ಞರ ಹತ್ತಿರ ಹೋಗಿ. ಭಾನುವಾರವಾದರೂ ಸರಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಡ್ರಾಪ್ಸ್ ಹಾಕಿದ ಮೇಲೆ ನೀವೇ ಗಾಡಿ ಓಡಿಸಿಕೊಂಡು ಬರಬಾರದು.