ಮೇರಿ ಬೀಲ್ ಲೇಖನ: ಇನ್ನೊಮ್ಮೆ ಬರೆಯಿರಿ

ನಮಸ್ಕಾರ.

17ನೇ ಶತಮಾನದ ಇಂಗ್ಲಿಷ್ ಚಿತ್ರಕಲಾವಿದೆ ಮೇರಿ ಬೀಲ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಈ ವಿಷಯ ಬಿಡಬೇಡಿ.

ಮೊದಲ ಪುಟದಲ್ಲೇ 'ಅಪ್ರತಿಮ', 'ಅಸಾಧಾರಣ', 'ದಿಟ್ಟ' ಅಂತ ಹನ್ನೊಂದು ಸಲ ಹೊಗಳಿದ್ದೀರಿ. ಆಕೆ ದಿನವಿಡೀ ಏನು ಮಾಡುತ್ತಿದ್ದರು ಅನ್ನುವುದು ಮಾತ್ರ ಎಲ್ಲೂ ಕಾಣಲಿಲ್ಲ.

ಗಂಡ ಚಾರ್ಲ್ಸ್‌ಗೆ ಒಂದೇ ಸಾಲು ಕೊಟ್ಟಿದ್ದೀರಿ: 1652ರಲ್ಲಿ ಮದುವೆಯಾಯಿತು, ಅಷ್ಟೇ. ನಿಜವಾದ ಕಥೆ ಇರುವುದೇ ಅಲ್ಲಿ, ಅಲ್ವಾ? ಚಾರ್ಲ್ಸ್ ಅವರ ಸರ್ಕಾರಿ ಕೆಲಸ ಕೈತಪ್ಪಿತು. 1665ರಲ್ಲಿ, ಲಂಡನ್ನಿನಲ್ಲಿ ಪ್ಲೇಗ್ ಹಬ್ಬಿದ್ದಾಗ, ಸಂಸಾರ ಹ್ಯಾಂಪ್‌ಷೈರ್‌ನ ಆಲ್‌ಬ್ರೂಕ್ ಹಳ್ಳಿ ಸೇರಿತು. 1670ರಲ್ಲಿ ಲಂಡನ್ನಿಗೆ ಮರಳಿ ಬಂದು ಪಾಲ್‌ಮಾಲ್ ಬೀದಿಯಲ್ಲಿ ಮನೆ ಹಿಡಿದರು. ಆಮೇಲೆ ಆ ಮನೆ ನಡೆದದ್ದು ಮೇರಿಯವರ ದುಡಿಮೆಯಿಂದ. ಚಾರ್ಲ್ಸ್ ಬಣ್ಣ ತಯಾರಿಸಿಕೊಟ್ಟರು, ಕ್ಯಾನ್ವಾಸ್ ಹದ ಮಾಡಿದರು, ಲೆಕ್ಕ ಬರೆದಿಟ್ಟರು. ಗಂಡುಮಕ್ಕಳಿಬ್ಬರೂ ಕೈಜೋಡಿಸಿದರು. ಮುಖ ಮಾತ್ರ ಬಿಡಿಸಿದರೆ 5 ಪೌಂಡ್, ಸೊಂಟದವರೆಗಾದರೆ 10. 1677ರ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಆ ಒಂದು ವರ್ಷ 83 ಚಿತ್ರಗಳ ಕೆಲಸ, 429 ಪೌಂಡ್ ಸಂಪಾದನೆ. ಲೆಕ್ಕದ ನಡುವೆಯೂ ಚಾರ್ಲ್ಸ್ ಹೆಂಡತಿಯನ್ನು 'ನನ್ನ ಪ್ರೀತಿಯ ಜೀವ' ಎನ್ನುವ ಅರ್ಥದಲ್ಲೇ ಕರೆಯುತ್ತಾರೆ. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು. ನಿಮ್ಮ ಓದುಗರಿಗೂ ಅದು ಸಿಗಲಿ.

ಒಂದು ತಪ್ಪೂ ಇದೆ. ಅವರು 'ಇಂಗ್ಲೆಂಡಿನ ಮೊದಲ ವೃತ್ತಿಪರ ಕಲಾವಿದೆ' ಅಲ್ಲ. ಜೋನ್ ಕಾರ್ಲೈಲ್ ಎಂಬ ಕಲಾವಿದೆ ಮೇರಿಯವರಿಗಿಂತ ಮೊದಲೇ ಭಾವಚಿತ್ರ ಬಿಡಿಸುತ್ತಿದ್ದರು. 'ಮೊದಲಿಗರಲ್ಲಿ ಒಬ್ಬರು' ಅಂದರೆ ಸಾಕು, ಮೇರಿಯವರಿಗೆ ಏನೂ ಕಮ್ಮಿಯಾಗುವುದಿಲ್ಲ.

ಎಣ್ಣೆಬಣ್ಣದಲ್ಲಿ ಏಪ್ರಿಕಾಟ್ ಹಣ್ಣು ಬಿಡಿಸುವುದು ಹೇಗೆ ಅಂತ ಅವರು 1663ರಲ್ಲೇ ಬರೆದಿದ್ದರು. ಈರುಳ್ಳಿ ಚೀಲದ ಒರಟು ಬಟ್ಟೆಯ ಮೇಲೂ ಚಿತ್ರ ಬಿಡಿಸಿ ನೋಡಿದ್ದರು. ಇಂಥವು ನಿಮ್ಮ ಲೇಖನದ ಕೊನೆಯಲ್ಲಿ ಸುಮ್ನೆ ಬಂದು ಹೋಗುತ್ತವೆ. ಅವಕ್ಕೆ ಜಾಗ ಕೊಡಿ. ಒಂದು ಕಡೆ 'ಅವಳು', ಇನ್ನೊಂದು ಕಡೆ 'ಅವರು' ಅಂದಿದ್ದೀರಿ, ಅದನ್ನೂ ಸರಿಮಾಡಿ.

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಅವರ ಸ್ವಚಿತ್ರವನ್ನು 'ಸುಂದರವಾಗಿದೆ' ಎಂದು ಒಂದೇ ಮಾತಲ್ಲಿ ಮುಗಿಸಿದ್ದೀರಿ. ಇನ್ನೊಮ್ಮೆ ನಿಧಾನವಾಗಿ ನೋಡಿ. ಕೈಯಲ್ಲಿ ಒಂದು ಚಿಕ್ಕ ಕ್ಯಾನ್ವಾಸ್, ಅದರಲ್ಲಿ ಇನ್ನೂ ಮುಗಿಯದ ಇಬ್ಬರು ಮಕ್ಕಳ ಮುಖ. ಹಿಂದಿನ ಗೋಡೆಯಲ್ಲಿ ಬಣ್ಣದ ಹಲಗೆ. ಲೇಖನವನ್ನು ಅಲ್ಲಿಂದ ಶುರುಮಾಡಿ ಕಳಿಸಿ. ಕಾಯುತ್ತಿರುತ್ತೇನೆ.